ಹಸಿರು ಬೀದಿಯ ಪಾನಕ

"ನೀರಿಂದ ಅಂತೂ ಅಲ್ಲ ಬಿಡಕ್ಕಾ. ನಮ್ಮ ಬೀದಿ ಹಸಿರೇ ಇದ್ಯಲ್ಲ," ಎಂದಳು ಮಧುರಾ ಫೋನಿನಲ್ಲಿ. ದನಿ ಸೋತಿತ್ತು.

ಬಸವನಗುಡಿಯ ತನ್ನ ಅಡುಗೆಮನೆಯಲ್ಲಿ ಚೂಡಾಮಣಿ ಕಿವಿಗೂ ಭುಜಕ್ಕೂ ನಡುವೆ ಫೋನು ಸಿಕ್ಕಿಸಿಕೊಂಡು ಕೋಸಂಬರಿಗೆ ನೆನೆಹಾಕಿದ್ದ ಹೆಸರುಬೇಳೆಯನ್ನು ಬಸಿಯುತ್ತಿದ್ದಳು. ರಾಮನವಮಿಯ ಬೆಳಗ್ಗೆ ಅದು. ತಂಗಿಗೆ ಐದು ತಿಂಗಳು ತುಂಬಿತ್ತು. ಮದುವೆಯಾಗಿ ಎಷ್ಟೋ ವರ್ಷಕ್ಕೆ, ಆಸ್ಪತ್ರೆ ಹರಕೆ ಎಲ್ಲ ಮುಗಿದು ಆಸೆಯನ್ನೇ ಬಿಟ್ಟ ಮೇಲೆ ನಿಂತ ಬಸಿರು. ಹೀಗಾಗಿ ಚಾಮರಾಜಪೇಟೆಯಲ್ಲಿ ಮಧುರಾ ಸೀನಿದರೂ ಇಲ್ಲಿ ಅಕ್ಕನ ಎದೆ ಢವಢವ ಎನ್ನುತ್ತಿತ್ತು.

"ಎಷ್ಟು ದಿನದಿಂದ ವಾಂತಿ?"

"ನಾಲ್ಕೈದು ದಿನ ಆಯ್ತೇನೋ. ಏನು ತಿಂದ್ರೂ ನಿಲ್ತಿಲ್ಲ. ಬಸುರಿ ಸಂಕಟ ಅಂತ ಸುಮ್ನಿದ್ದೆ. ಮಾವ ಬಿಸಿಲು ಅಂತಾರೆ. ಆದ್ರೆ ಎದುರುಮನೆ ಸಪ್ಪಲಮ್ಮನಿಗೂ ಹೀಗೇ ಅಂತೆ, ಅವರ ಮಗನಿಗೂ ಅಂತೆ. ಅವರೇನು ಬಸುರೀನಾ?" ಮಧುರಾ ನಗಲು ನೋಡಿ, ಆಗದೆ, ಆಮೇಲೆ ಮಾಡುತ್ತೇನೆಂದು ಫೋನಿಟ್ಟಳು.

ಹಸಿರು ಎಂದರೆ ಚೂಡಾಮಣಿಯೇ ಬಳಿದ ಹಸಿರು. ಮಲ್ಲೇಶ್ವರದ ಕಾಲೇಜೊಂದರಲ್ಲಿ ಸಂಖ್ಯಾಶಾಸ್ತ್ರ ಕಲಿಸುವ ಅವಳು ರಜೆಯ ದಿನಗಳಲ್ಲಿ ಕೂತು ‘ತಿಳಿನೀರು’ ಎಂಬ ಪ್ಯಾಕೇಜ್ ಬರೆದಿದ್ದಳು. ಅಂಕಿಅಂಶದವರು ಬಳಸುವ ‘ಆರ್’ ಎಂಬ ಮುಕ್ತ ತಂತ್ರಾಂಶಕ್ಕೆ ಜೋಡಿಸಿಕೊಳ್ಳುವಂಥದು. ನೀರು ಪರೀಕ್ಷೆಯ ಅಂಕಿಗಳನ್ನು ಅದರ ಬಾಯಿಗೆ ಹಾಕಿದರೆ ಬಣ್ಣದ ನಕ್ಷೆ ಬರುತ್ತಿತ್ತು. ಹಸಿರಿದ್ದರೆ ಕುಡಿಯಿರಿ, ಕೆಂಪಿದ್ದರೆ ಮುಟ್ಟಬೇಡಿ. ಕಾಸಿಲ್ಲ, ಕರಾರಿಲ್ಲ. ಯಾರು ಬೇಕಾದರೂ ಇಳಿಸಿಕೊಳ್ಳಬಹುದು, ಬಿಚ್ಚಿ ನೋಡಬಹುದು, ತಿದ್ದಬಹುದು. ಬಿಟ್ಟಿ ಸಿಕ್ಕರೆ ನನಗೂ ಇರಲಿ ನಮ್ಮಪ್ಪನಿಗೂ ಇರಲಿ ಎನ್ನುವ ಲೋಕ ಇದು, ಎಲ್ಲೆಲ್ಲಿಯವರೋ ಇಳಿಸಿಕೊಂಡರು. ಬಿಚ್ಚಿ ನೋಡಿದವರು ಮಾತ್ರ ಯಾರೂ ಇರಲಿಲ್ಲ. ಕಾಲೇಜಿನಲ್ಲಂತೂ ಹಿತ್ತಲ ಗಿಡ ಮದ್ದಲ್ಲ.

ಅವಳ ಹಳೆಯ ವಿದ್ಯಾರ್ಥಿ ಕಶ್ಯಪ್ ಅದನ್ನು ತನ್ನ ಚಾಮರಾಜಪೇಟೆಗೆ ತಂದಿದ್ದ. ಅಲ್ಲಿನ ನಿವಾಸಿಗಳ ಸಂಘ ವಾರವಾರ ಮನೆಮನೆಯ ನಲ್ಲಿ ನೀರನ್ನು ಲ್ಯಾಬಿಗೆ ಕಳಿಸುತ್ತಿತ್ತು. ಲ್ಯಾಬಿನ ಅಂಕಿ ಬಂದ ಕೂಡಲೇ ಕಶ್ಯಪ್ ಒಂದು ಸಾಲು ಕುಟ್ಟಿ, ಮೂಡಿದ ನಕ್ಷೆಯನ್ನು ವಾಟ್ಸಾಪ್ ಗುಂಪಿಗೆ ಹಾಕಿ ಕಾಫಿಗೆ ಹೋಗುತ್ತಿದ್ದ. ಮಧುರಾಳ ಬೀದಿ ತಿಂಗಳಿಗೂ ಹೆಚ್ಚು ಕಾಲದಿಂದ ಒಂದೇ ಸಮ ಹಸಿರು. ಅಲ್ಲಿನ ಜನ ಕ್ಯಾನ್ ನೀರು ತರಿಸುವುದನ್ನೇ ಬಿಟ್ಟಿದ್ದರು. ಆ ಸುದ್ದಿ ಕೇಳಿ ಚೂಡಾಮಣಿ ಒಳಗೊಳಗೇ ಬೀಗಿದ್ದಳು.

ಈಗ ಒಂದೇ ಬೀದಿಯಲ್ಲಿ ಮೂರು ಜನ ಮಲಗಿದ್ದಾರೆ. ಅವಳು ಬೇಳೆಯನ್ನು ಹಾಗೇ ಬಿಟ್ಟು, ಕೈ ಒರೆಸಿಕೊಂಡು, ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ತೆರೆದಳು.

ನಕ್ಷೆ ಚೆನ್ನಾಗಿಯೇ ಇತ್ತು. ಪರೀಕ್ಷೆಯಾದ ಪ್ರತಿ ನಲ್ಲಿಗೂ ಒಂದು ಕರಿ ಚುಕ್ಕಿ, ಚುಕ್ಕಿಗಳ ನಡುವಿನ ಜಾಗಕ್ಕೆ ಅಕ್ಕಪಕ್ಕದ ಅಂಕಿ ನೋಡಿ ತುಂಬಿದ ಬಣ್ಣ. ಕಣ್ಣಿಗೆ ಹಿತವಾಗಲೆಂದು ಆ ಹಸಿರನ್ನು ಆರಿಸಲು ಒಂದಿಡೀ ಭಾನುವಾರ ಕಳೆದಿದ್ದಳು. ಮಧುರಾಳ ಬೀದಿಯನ್ನು ದೊಡ್ಡದು ಮಾಡಿ ನೋಡಿದಳು. ಬೀದಿಯ ಉದ್ದಕ್ಕೂ ಹಸಿರಿತ್ತು, ಚುಕ್ಕಿ ಇರಲಿಲ್ಲ. ಒಂದೂ ಇರಲಿಲ್ಲ.

ಇದು ಹೇಗೆ ಸಾಧ್ಯ? ಕಶ್ಯಪ್ ಬಾಟಲಿ ಹಿಡಿದು ವಾರ ತಪ್ಪದೆ ಬರುತ್ತಾನೆ, ಬಂದಾಗಲೆಲ್ಲ ನನ್ನ ಕೈಲಿ ಉಪ್ಪಿಟ್ಟು ಮಾಡಿಸಿಕೊಂಡು ತಿಂದು ಹೋಗುತ್ತಾನೆ ಎಂದು ಮಧುರಾ ಗೊಣಗಿದ್ದು ನೆನಪಿತ್ತು. ಚೂಡಾಮಣಿ, ನಕ್ಷೆಯ ಜೊತೆ ಕಶ್ಯಪ್ ತನಗೂ ಕಳಿಸುತ್ತಿದ್ದ ಲ್ಯಾಬಿನ ಮೂಲ ಅಂಕಿಗಳನ್ನು ತೆರೆದಳು. ಇಷ್ಟು ದಿನ ಅವನ್ನು ತೆರೆದವಳೇ ಅಲ್ಲ. ನಕ್ಷೆಯಿದ್ದ ಮೇಲೆ ಅಂಕಿ ಯಾರಿಗೆ ಬೇಕು? ಎರಡು, ನಾಲ್ಕು, ಸೊನ್ನೆ, ಎರಡು ಎಂದು ಸಾಲು ಇಳಿಯುತ್ತಾ ಬಂದು ಮಧುರಾಳ ಬೀದಿಯಲ್ಲಿ ಕಣ್ಣು ನಿಂತಿತು. ಅಲ್ಲಿ ಪ್ರತಿ ಮನೆಯ ಮುಂದೆಯೂ ‘>1600’ ಎಂದಿತ್ತು.

ಲ್ಯಾಬಿನವರ ಅಳತೆ ಸಾವಿರದ ಆರುನೂರಕ್ಕೆ ಮುಗಿಯುತ್ತದೆ. ನೀರಿನಲ್ಲಿ ಕೊಳಚೆಯ ರೋಗಾಣು ಅದನ್ನೂ ಮೀರಿದ್ದರೆ, ಎಷ್ಟಿದೆಯೋ ನಮಗೇ ಗೊತ್ತಿಲ್ಲ ಎನ್ನಲು ಅವರು ಅಂಕಿಯ ಮುಂದೆ ‘ಇದಕ್ಕಿಂತ ಹೆಚ್ಚು’ ಎಂಬ ಆ ಗುರುತು ಹಾಕುತ್ತಾರೆ. ಅವಳ ಪ್ಯಾಕೇಜಿಗೆ ಬರೀ ಅಂಕಿ ತಿಳಿಯುತ್ತದೆ, ಗುರುತು ತಿಳಿಯುವುದಿಲ್ಲ. ತಿಳಿಯದ್ದನ್ನು ಅದು ಎತ್ತಿ ಹೊರಗಿಟ್ಟಿತ್ತು. ಖಾಲಿಯಾದ ಬೀದಿಗೆ ಪಕ್ಕದ ಬೀದಿಗಳನ್ನು ನೋಡಿ ಬಣ್ಣ ತುಂಬಿತ್ತು. ಸ್ವಲ್ಪ ಕೆಟ್ಟ ನೀರನ್ನು ಹಳದಿ, ಕೆಂಪು ಎಂದು ಸರಿಯಾಗಿ ತೋರಿಸಿದ ಅದೇ ತಿಳಿನೀರು, ತೀರಾ ಕೆಟ್ಟ ನೀರನ್ನು ಮಾತ್ರ ಹಸಿರು ಮಾಡಿ ಕೂರಿಸಿತ್ತು.

‘ಆರ್’ ಸುಮ್ಮನಿರಲಿಲ್ಲ, ಪಾಪ. ಇಂಥಲ್ಲಿ ಅದು ಕೆಂಪು ಅಕ್ಷರದಲ್ಲಿ ಎಚ್ಚರಿಕೆ ಕೊಡುತ್ತದೆ. "ಕೆಂಪು ಕಂಡ ತಕ್ಷಣ ಹೆದರಬೇಡಿ, ಅದು ಬರೀ ಎಚ್ಚರಿಕೆ, ತಪ್ಪಲ್ಲ" ಎಂದು ವರ್ಷವರ್ಷವೂ ತರಗತಿಯಲ್ಲಿ ಹೇಳುತ್ತಿದ್ದವಳು ಇವಳೇ. ಸಂಘದವರು ಕೆಂಪು ಸಾಲು ನೋಡಿ ಗಾಬರಿ ಬೀಳುತ್ತಾರೆ ಮೇಡಂ ಎಂದು ಕಶ್ಯಪ್ ಹೇಳಿದಾಗ, ಎಚ್ಚರಿಕೆಗಳ ಬಾಯಿ ಮುಚ್ಚಿಸುವ ಒಂದು ಸಾಲನ್ನು ತಾನೇ ಸೇರಿಸಿದ್ದಳು. ಕಶ್ಯಪ್‌ಗೆ ಫೋನ್ ಮಾಡಿದಳು.

"ಮೇಡಂ! ಹ್ಯಾಪಿ ರಾಮನವಮಿ! ಇಲ್ಲಿ ಫುಲ್ ರಶ್ಶು, ಪಾನಕ ಹಂಚ್ತಿದೀವಿ. ಬನ್ನಿ ಮೇಡಂ!" ಹಿಂದೆ ಧ್ವನಿವರ್ಧಕದ ಭಜನೆ.

"ಕಶ್ಯಪ್, ಪಾನಕಕ್ಕೆ ಯಾವ ನೀರು ಹಾಕಿದೀರ?"

"ಕೇಳ್ಸಲ್ಲ ಮೇಡಂ! ನೀರಾ? ನಲ್ಲೀದೇ! ಶೀನಣ್ಣ ಈ ಸಲ ಕ್ಯಾನ್ ಬೇಡವೇ ಬೇಡ ಅಂದ್ರು. ನಿಮ್ಮ ಮ್ಯಾಪ್ ಪ್ರಿಂಟ್ ಹಾಕ್ಸಿ ಪೆಂಡಾಲ್‌ಗೆ ಕಟ್ಟಿದೀವಿ, ನೋಡ್ಬನ್ನಿ!"

"ನಿಲ್ಸು! ಹಂಚೋದು ನಿಲ್ಸು!" ಎಂದು ಅವಳು ಕಿರುಚಿದ್ದು ಭಜನೆಯಲ್ಲಿ ಮುಳುಗಿ ಹೋಯಿತು. ಮತ್ತೆ ಮಾಡಿದರೆ ಅವನು ಎತ್ತಲಿಲ್ಲ. ಮಧುರಾಳೂ ಎತ್ತಲಿಲ್ಲ.

ಆಟೋ ಸಿಕ್ಕಿತು, ದಾರಿ ಸಿಗಲಿಲ್ಲ. ಮೂಲೆ ಮೂಲೆಗೂ ಚಪ್ಪರ, ಚಪ್ಪರದ ಮುಂದೆಲ್ಲ ಜನ. ಒಂದು ಕಡೆ ಆಟೋದವನು ಗಾಡಿ ಓಡುತ್ತಿರುವಂತೆಯೇ ಕೈ ಚಾಚಿ ಲೋಟ ಇಸಕೊಂಡು ಒಂದೇ ಗುಟುಕಿಗೆ ಮುಗಿಸಿದ. "ಯಾಕ್ ಮೇಡಂ ಹಂಗ್ ನೋಡ್ತೀರ? ನಿಮ್ಗೂ ಬೇಕಿತ್ತಾ?" ಎಂದ. ಚೂಡಾಮಣಿ ಬೇಗ ಹೋಗಪ್ಪಾ ಎಂದಷ್ಟೇ ಹೇಳಿದಳು.

ಬೀದಿಯ ಬಾಯಲ್ಲೇ ಶೀನಣ್ಣ ನಿಂತಿದ್ದರು. ಮಧುರಾಳ ಮಾವ, ನಿವೃತ್ತ ಹೆಡ್‌ಕ್ಲಾರ್ಕು, ಆ ಬೀದಿಯ ರಾಮನವಮಿಗೆ ಎಷ್ಟೋ ವರ್ಷದ ಯಜಮಾನರು. ಗರಿಗರಿ ಬಿಳಿ ಪಂಚೆ, ಕೈಯಲ್ಲಿ ಏಲಕ್ಕಿಯ ಘಮ. ಅವರ ಹಿಂದೆ ಸೊಂಟದೆತ್ತರದ ನೀಲಿ ಡ್ರಮ್ಮು, ಡ್ರಮ್ಮಿಗೆ ಸೌಟು ಇಳಿಬಿಡುತ್ತಿದ್ದ ಕಶ್ಯಪ್, ಬಿಸಿಲಿನಲ್ಲಿ ಸಾಲು ನಿಂತ ಜನ. ಚಪ್ಪರದ ಕಂಬಕ್ಕೆ ಕಟ್ಟಿದ್ದ ನಕ್ಷೆಗೆ ಯಾರೋ ಹೂವಿನ ಹಾರ ಬೇರೆ ಹಾಕಿದ್ದರು.

"ಬಾಮ್ಮಾ ಬಾ! ಇವಳೇ ನೋಡ್ರಪ್ಪಾ, ಈ ಮ್ಯಾಪು ಬರ್ದೋಳು! ನಮ್ಮ ಸೊಸೆ ಅಕ್ಕ!" ಎಂದು ಶೀನಣ್ಣ ಸಾಲಿನ ಕಡೆ ತಿರುಗಿ ಕೂಗಿದರು. ಎರಡು ಮೂರು ಜನ ಚಪ್ಪಾಳೆ ತಟ್ಟಿದರು.

"ಮಾವ, ಇದನ್ನ ನಿಲ್ಸಿ. ಯಾರಿಗೂ ಕೊಡಬೇಡಿ. ಈ ನೀರು ಕೆಟ್ಟಿದೆ."

"ಯಾರಂದ್ರು? ನೀನೇ ಅಲ್ವೇನಮ್ಮಾ ಹಸಿರು ಅಂದಿದ್ದು?"

"ಅಂದಿದ್ದು ನಾನೇ, ಆದ್ರೆ ನಾನು ಮಾಡಿದ್ದು ತಪ್ಪು. ನಿಮ್ಮ ಬೀದಿ ನೀರು ಅಳತೆ ಮೀರಿ ಕೆಟ್ಟಿದೆ. ಅಳತೆ ಮೀರಿದ್ದನ್ನ ನನ್ನ ಪ್ಯಾಕೇಜು ಲೆಕ್ಕಕ್ಕೇ ತಗೊಂಡಿಲ್ಲ." ಕಶ್ಯಪ್‌ನ ಕಡೆ ಫೋನು ಚಾಚಿದಳು. "ನೋಡು. ಲ್ಯಾಬ್ ಏನು ಬರ್ದಿದೆ ಓದು."

ಕಶ್ಯಪ್ ಓದಿದ. ಸೌಟು ಅವನ ಕೈಯಿಂದ ಜಾರಿ ಡ್ರಮ್ಮಿನೊಳಗೆ ಮುಳುಗಿತು. ಸಾಲಿನಲ್ಲಿದ್ದ ಹೆಂಗಸೊಬ್ಬಳು, "ಕೊಡೋಕೆ ಮನಸ್ಸಿಲ್ಲ ಅಂದ್ರೆ ಇಲ್ಲ ಅನ್ನಿ, ಬಿಸಿಲಲ್ಲಿ ಯಾಕೆ ನಿಲ್ಲಿಸ್ತೀರ?" ಎಂದು ರೇಗಿದಳು.

ಶೀನಣ್ಣ ಪಂಚೆ ಎತ್ತಿಕಟ್ಟಿ ಡ್ರಮ್ಮಿಗೆ ಭುಜ ಕೊಟ್ಟರು. ಕಶ್ಯಪ್ ಕೈ ಸೇರಿಸಿದ. ಬೆಲ್ಲದ ಬಣ್ಣದ ನೀರು ರಂಗೋಲಿಯ ಮೇಲೆ ಹರಿದು ಚರಂಡಿಗೆ ಬಿತ್ತು. ದೇವರ ಪಾನಕ ಚೆಲ್ಲಿಬಿಟ್ಟರಲ್ಲ ಎಂದು ಜನ ಶಪಿಸುತ್ತಾ ಚದುರಿದರು.

"ಇದೊಂದೇನಾ ಡ್ರಮ್ಮು?" ಎಂದು ಚೂಡಾಮಣಿ ಕೇಳಿದಳು.

"ಇದು ಎರಡನೇದು. ಮೊದಲನೇದು ಆಗ್ಲೇ ಖಾಲಿ ಆಯ್ತು."

"ಯಾರ್ಯಾರು ಕುಡಿದ್ರು ಮಾವ?"

"ರಾಮನವಮಿ ಪಾನಕಾನ ಯಾರು ಏನು ಅಂತ ಕೇಳಿ ಕೊಡ್ತಾರೇನಮ್ಮಾ? ದಾರೀಲಿ ಹೋಗೋರಿಗೆಲ್ಲ ಕೊಟ್ವಿ. ಬಸ್ಸು ನಿಲ್ಸಿ ಕಿಟಕಿಗೂ ಕೊಟ್ವಿ." ಅವರು ಒದ್ದೆ ಪಂಚೆಯ ಅಂಚನ್ನು ಹಿಂಡುತ್ತಾ ನಿಂತರು. "ಎಲ್ಲಿಯೋರೋ, ಎಲ್ಲಿಗೆ ಹೋದ್ರೋ."

ಕಶ್ಯಪ್ ತಲೆ ಎತ್ತಲಿಲ್ಲ. "ಮೇಡಂ," ಎಂದ ಮೆಲ್ಲಗೆ, "ತಿಳಿನೀರನ್ನ ಬೇರೆ ಊರಲ್ಲಿ ಯಾರ್ಯಾರು ಇಳಿಸ್ಕೊಂಡಿದಾರೆ?"

"ಗೊತ್ತಿಲ್ಲ ಕಣೋ. ಯಾರೂ ಹೆಸರು ಹೇಳಿ ಇಳಿಸ್ಕೊಳಲ್ಲ," ಎಂದಳು ಚೂಡಾಮಣಿ. ಅಲ್ಲಿ ನಿಲ್ಲಲಾರದೆ ಮಧುರಾಳ ಮನೆಯ ಮೆಟ್ಟಿಲು ಹತ್ತಿದಳು.

ಬಿಸಿಲು ತಾಕದಿರಲೆಂದು ಕೋಣೆಯ ಪರದೆಗಳನ್ನೆಲ್ಲ ಎಳೆದಿದ್ದರು. ಮಧುರಾ ಗೋಡೆಯ ಕಡೆ ಮುಖಮಾಡಿ ಮಲಗಿದ್ದಳು. ಅಕ್ಕನ ಹೆಜ್ಜೆ ಕೇಳಿ ಇತ್ತ ಹೊರಳಿದಳು.

"ಬಂದ್ಯಾ? ಈಗ ಪರವಾಗಿಲ್ಲ ಕಣೇ. ತಂಪಾಗಲಿ ಅಂತ ಮಾವ ಬೆಳಗ್ಗೇನೇ ಎರಡು ಲೋಟ ಪಾನಕ ಕಳಿಸಿದ್ರು. ಐದು ದಿನದಲ್ಲಿ ಹೊಟ್ಟೇಲಿ ನಿಂತಿರೋದು ಅದೊಂದೇ."

ಚೂಡಾಮಣಿ ಮಂಚದ ತುದಿಯಲ್ಲಿ ಕೂತಳು. ಆಸ್ಪತ್ರೆಗೆ ಹೋಗೋಣ ಏಳು ಎಂದು ಹೇಳಬೇಕು, ಯಾಕೆ ಎಂದು ಕೇಳಿದರೆ ಏನು ಹೇಳುವುದೆಂದು ತಿಳಿಯಲಿಲ್ಲ. ತಂಗಿಯ ಮುಖ ಸರಿಯಾಗಿ ಕಾಣಲೆಂದು ಕೈ ಚಾಚಿ ಕಿಟಕಿಯ ಪರದೆಯನ್ನು ಸರಿಸಿದಳು. ಬೆಳಕು ಒಮ್ಮೆಗೇ ದಿಂಬಿನ ಮೇಲೆ ಬಿತ್ತು. "ಅಯ್ಯೋ, ಮುಚ್ಚೇ ಅದನ್ನ" ಎಂದು ಮಧುರಾ ಮುಖ ತಿರುಗಿಸಿದಳು. ಚೂಡಾಮಣಿ ಅವಳ ಗಲ್ಲ ಹಿಡಿದು ಬೆಳಕಿನ ಕಡೆಗೆ ತಿರುಗಿಸಿ, "ಒಂದ್ನಿಮಿಷ ಕಣ್ಣು ಬಿಡು" ಎಂದಳು.

ಮಧುರಾ ನಗುತ್ತಲೇ ಕಣ್ಣು ಬಿಟ್ಟಳು. ಕಣ್ಣಿನ ಬಿಳಿಯೆಲ್ಲ ಅರಿಶಿನದ ನೀರಿನಲ್ಲಿ ಅದ್ದಿ ತೆಗೆದ ಹಾಗಿತ್ತು.