ಗಸ್ತಿನ ದಾರಿ

ಕಾಗದನಗರದಲ್ಲಿ ಪೊಲೀಸರ ಜೊತೆ ಸಭೆ ಮಾಡಿಸಬೇಕೆಂದು ಓಡಾಡಿದವನು ಕೊಟ್ರಬಸಪ್ಪನೇ. ಕಾಗದ ಕಾರ್ಖಾನೆಯ ಕೆಲಸ ಬಿಟ್ಟುಹೋದವರ ಕ್ವಾರ್ಟರ್ಸ್‌ಗಳು ಒಂದೊಂದಾಗಿ ಖಾಲಿ ಬೀಳುತ್ತಿದ್ದವು. ಅವನ ಅಕ್ಕಪಕ್ಕದ ಎರಡೂ ಮನೆಗಳ ಬೀಗ ಮುರಿದು ಯಾರೋ ನಲ್ಲಿ, ವೈರು ಕಿತ್ತುಕೊಂಡು ಹೋದ ಮೇಲೆ ಅವನಿಗೆ ರಾತ್ರಿ ನಿದ್ದೆ ಹತ್ತುತ್ತಿರಲಿಲ್ಲ. ಹೆಂಡತಿ ಜಗದಾಂಬಾ ಮಗಳನ್ನು ಕರೆದುಕೊಂಡು ಶಿವಮೊಗ್ಗದ ತವರಿಗೆ ಹೋಗಿ ವರ್ಷವಾಗುತ್ತ ಬಂದಿತ್ತು. ಮಗಳ ಕಾಲೇಜಿಗೆ ಹತ್ತಿರವಾಗಲಿ ಅಂತ, ಶನಿವಾರ ಬರುತ್ತಾರೆ, ಎಂದು ಕೇಳಿದವರಿಗೆಲ್ಲ ಹೇಳುತ್ತಿದ್ದ. ಯಾವ ಶನಿವಾರವೂ ಯಾರೂ ಬಂದಿರಲಿಲ್ಲ.

ಭಾನುವಾರ ಸಂಜೆ ತನ್ನ ಮನೆಯ ಮುಂದೆಯೇ ಕುರ್ಚಿ ಹಾಕಿಸಿದ. ಮನೆಮನೆಗೆ ಹೋಗಿ ಕರೆದಿದ್ದರಿಂದ ಜನ ಚೆನ್ನಾಗಿಯೇ ಸೇರಿದರು. ಸಬ್‌ಇನ್ಸ್‌ಪೆಕ್ಟರು ಸುತ್ತಿಬಳಸದೆ ಮಾತಾಡಿದರು. ಇರುವ ಸಿಬ್ಬಂದಿಯಲ್ಲಿ ಎಲ್ಲ ಸಾಲಿಗೂ ಗಸ್ತು ಆಗದು. ಒಂಟಿಯಾಗಿರುವವರ ಗೇಟಿನ ಮುಂದೆ ಮಾತ್ರ ಪೇದೆ ಹುಲಿಯಪ್ಪ ದಿನಾ ರಾತ್ರಿ ನಿಂತು ಸೀಟಿ ಊದುತ್ತಾನೆ. ಒಳಗಿನಿಂದ ಒಂದು ದನಿ ಕೊಟ್ಟರೆ ಸಾಕು.

"ಮನೇಲಿ ಒಬ್ಬೊಬ್ರೇ ಇರೋರು ಕೈ ಎತ್ತಿ."

ಕೊನೆಯ ಸಾಲಿನ ಪುಷ್ಪಮ್ಮ ಮೊದಲು ಕೈ ಎತ್ತಿದಳು. "ನಂದು ಸೇರಿಸ್ಕೊ ಮಾರಾಯ. ಆದ್ರೆ ನಿದ್ದೆ ಹಾಳು ಮಾಡಿದ್ರೆ ನಾನೇ ಸ್ಟೇಷನ್ನಿಗೆ ಬರ್ತೀನಿ." ಎಲ್ಲರೂ ನಕ್ಕರು. ಇನ್ನೂ ಕೆಲವು ಕೈಗಳು ಎದ್ದವು.

ಕೊಟ್ರಬಸಪ್ಪನ ಕೈಯಲ್ಲಿ ಟೀ ಲೋಟಗಳ ತಟ್ಟೆ ಇತ್ತು. ಇಳಿಸಬಹುದಿತ್ತು. ಇಳಿಸಲಿಲ್ಲ.

"ನಿಮ್ಮನೇಲಿ ಸಾರ್?" ಎಂದರು ಸಬ್‌ಇನ್ಸ್‌ಪೆಕ್ಟರು.

"ಮನೆಯವ್ರು ಶನಿವಾರ ಬರ್ತಾರೆ."

ಪುಷ್ಪಮ್ಮ ನಗು ನಿಲ್ಲಿಸಿ ತನ್ನ ಲೋಟದೊಳಗೆ ನೋಡಿಕೊಂಡಳು.

ಜನ ಚದುರಿದರು. ಅವನು ಕುರ್ಚಿಗಳನ್ನು ಒಂದರ ಮೇಲೊಂದು ಜೋಡಿಸುತ್ತಿದ್ದಾಗ ಹುಲಿಯಪ್ಪ ಬಂದು ಪುಷ್ಪಮ್ಮನ ಮನೆಗೆ ದಾರಿ ಕೇಳಿದ. ಮುಖ್ಯರಸ್ತೆಯಿಂದ ನೆಟ್ಟಗೆ ಹೋದರೆ ಆ ಮನೆ ಸಿಗುತ್ತಿತ್ತು. ಕೊಟ್ರಬಸಪ್ಪ ಆ ದಾರಿ ಹೇಳಲಿಲ್ಲ. ನೀರಿನ ಟ್ಯಾಂಕಿನ ಹತ್ತಿರ ತಿರುಗಿ ತನ್ನ ಮನೆಯ ಈ ಸಾಲಿನಲ್ಲೇ ಬರಬೇಕೆಂದು ಬೆರಳು ಮಾಡಿ ತೋರಿಸಿದ.

"ಸುತ್ತಾಗಲ್ವಾ ಸಾರ್?"

"ಸ್ವಲ್ಪ ಆಗುತ್ತೆ. ಈ ಕಡೆ ಲೈಟ್ ಇದೆಯಪ್ಪ."

ಹುಲಿಯಪ್ಪ ಸಾಲಿನುದ್ದಕ್ಕೂ ನೋಡಿದ. ಕಂಬದ ದೀಪಗಳು ಕೆಟ್ಟು ಯಾವ ಕಾಲವಾಗಿತ್ತೋ. ಆಗಲಿ ಸಾರ್ ಎಂದು ಸೈಕಲ್ ಹತ್ತಿದ.

ಕೊಟ್ರಬಸಪ್ಪ ಕುರ್ಚಿಗಳನ್ನು ಅಲ್ಲೇ ಬಿಟ್ಟು ಒಳಗೆ ಹೋಗಿ, ವರ್ಷದಿಂದ ಮುಟ್ಟದಿದ್ದ ಜಗಲಿ ದೀಪದ ಸ್ವಿಚ್ ಹಾಕಿದ.