ಚನ್ನಾಜಮ್ಮನ ಲೋಟದ ಕಾಫಿ

೧
ಈ ಕಥೆಯನ್ನು ಎಲ್ಲಿಂದ ಶುರು ಮಾಡೋದು ಹೇಳಿ? ಆಸ್ಪತ್ರೆಯ ಗೇಟಿನಿಂದ ಶುರು ಮಾಡಿದೆ. ಗೇಟಿನ ತುಕ್ಕು ವರ್ಣಿಸುವಷ್ಟರಲ್ಲೇ ಪುಟ ಮುಗಿಯಿತು. ಹರಿದು ಹಾಕಿದೆ. ಸರ್ಕಾರಿ ಧಾಟಿಯಲ್ಲಿ ಬರೆದೆ: 'ಎರಡು ಸಾವಿರದ ಏಳರಲ್ಲಿ ಆಸ್ಪತ್ರೆಗೆ ಆರೋಗ್ಯ ರಕ್ಷಾ ಸಮಿತಿ ರಚನೆಯಾಗಿ, ಊರಿನವರೂ ಸದಸ್ಯರಾದರು.' ನನಗೇ ಆಕಳಿಕೆ ಬಂತು. (ನೀವು ಇನ್ನೂ ಇದ್ದೀರಾ? ಸಂತೋಷ.)

ಸೀರೆಯಿಂದ ಶುರು ಮಾಡುತ್ತೇನೆ.

೨
ನಂಜನಗೂಡಿಗೂ ಟಿ. ನರಸೀಪುರಕ್ಕೂ ನಡುವೆ ಒಂದು ಸರ್ಕಾರಿ ಆಸ್ಪತ್ರೆ. (ಹೆಸರು ಬೇಡ. ನಾಳೆ ಜ್ವರ ಬಂದರೆ ನಾನೂ ಅಲ್ಲಿಗೇ ಹೋಗಬೇಕು.) ಅಲ್ಲಿ ಬಾಣಂತಿಯರು ಮಲಗುವುದು ಕಾರಿಡಾರಿನಲ್ಲಿ, ಚೀಟಿಗೆ ನಿಂತ ಗಂಡಸರ ಸಾಲಿನ ಪಕ್ಕ. ಹೋದ ತಿಂಗಳು ಸೋಸಲೆಯ ಹುಡುಗಿಯೊಬ್ಬಳು ಮಗುವಿಗೆ ಹಾಲು ಕೊಡಲಾಗದೆ ಒದ್ದಾಡುತ್ತಿದ್ದಾಗ ಅವಳ ತಾಯಿ ಚೀಲದಿಂದ ಒಂದು ಸೀರೆ ತೆಗೆದು ಅಡ್ಡ ಹಿಡಿದಳು. ಇನ್ನೊಂದು ತುದಿ ಹಿಡಿದವರು ಕವಲಂದೆಯ ಚನ್ನಾಜಮ್ಮ, ಸಮಿತಿಯ ಸದಸ್ಯೆ. ಕೂಸು ಸಾವಕಾಶವಾಗಿ ಕುಡಿಯಿತು. ಚನ್ನಾಜಮ್ಮನ ತೋಳು ಸೋತಿತು. ಎದುರಿಗೇ, ಬಾತ್‌ರೂಮೂ ಇರುವ ದೊಡ್ಡ ರೂಮೊಂದಕ್ಕೆ ಬೀಗ. ಒಳಗೆ ಕಾಲು ಮುರಿದ ಹಳೇ ಮಂಚಗಳು.

ಚನ್ನಾಜಮ್ಮನ ಸೊಸೆ ನಯನಳಿಗೂ ಈಗ ದಿನ ತುಂಬುತ್ತಿದೆ.

೩
ಸಮಿತಿಗೊಂದು ಪದ್ಧತಿಯಿದೆ, ಯಾವ ನಿಯಮದಲ್ಲೂ ಬರೆದಿಲ್ಲ: ಅಟೆಂಡರ್ ಕರಿಯಯ್ಯ ಕಾಫಿ ತಂದರೆ ಸಭೆ ಮುಗಿದಂತೆ. ಎಲ್ಲರ ಲೋಟ ಖಾಲಿಯಾದ ಮೇಲೆ ಹಿರಿಯ ಸದಸ್ಯ, ಅಕ್ಕಿ ಮಿಲ್ಲಿನ ಚಿಕ್ಕಬಸಪ್ಪನವರು ಎದ್ದೇಳುತ್ತಾರೆ. ಒಬ್ಬರು ಕುಡಿಯುತ್ತಿರುವಾಗ ಇನ್ನೊಬ್ಬರು ಎದ್ದು ಹೋಗುವುದು ಮರ್ಯಾದೆ ಅಲ್ಲ. ಚನ್ನಾಜಮ್ಮ ರೂಮಿನ ಮಾತು ತೆಗೆದಾಗಲೆಲ್ಲ ಸಭೆ ನಡೆಸುವ ಡಾಕ್ಟರ್ ಮಹಾದೇವಸ್ವಾಮಿ ಬೆಲ್ ಒತ್ತುತ್ತಾರೆ. ಕಾಫಿ ಬರುತ್ತದೆ.

ಈ ಸೋಮವಾರವೂ ಬಂತು.

"ಆ ಮಂಚ ಕೆಲಸಕ್ಕೆ ಬಾರದ್ದು ಅಂತ ಮೇಲಿಂದ ಆರ್ಡರ್ ಬರಬೇಕಮ್ಮ. ಅಲ್ಲೀವರೆಗೂ ಹೊರಗೆ ಹಾಕೋ ಹಾಗಿಲ್ಲ. ಮುಂದಿನ ಸಲ ನೋಡೋಣ. ಕಾಫಿ ತಗೊಳ್ಳಿ" ಎಂದರು ಡಾಕ್ಟರ್.

ಚನ್ನಾಜಮ್ಮ ತಗೊಂಡರು. ಕುಡಿಯಲಿಲ್ಲ.

೪
(ಇಲ್ಲಿ ನಾನೊಂದು ಕಾರಣ ಬರೆದಿದ್ದೆ: ಅಂದು ನಂಜುಂಡೇಶ್ವರನ ಒಪ್ಪೊತ್ತು, ಅದಕ್ಕೇ ಕುಡಿಯಲಿಲ್ಲ, ಎಂದು. ಚನ್ನಾಜಮ್ಮನೇ ತಡೆದರು.)

"ಒಪ್ಪೊತ್ತಿನೋರು ಕಾಪಿ ಬುಡ್ತಾರಾ? ನಿಮ್ಮವ್ವ ಬುಟ್ಟಿದ್ಲಾ?"

"ಇಲ್ಲ ಕಣಮ್ಮ. ಆದ್ರೂ ಓದೋರಿಗೆ ಒಂದು ಕಾರಣ ಬೇಕಲ್ಲ."

"ಕಾರಣ ಆ ರೂಮು. ಅದ್ನೇ ಬರಿ. ದೇವ್ರನ್ನ ಯಾಕ್ ಮಧ್ಯಕ್ಕೆ ಎಳೀತೀಯ?"

ಆ ಸಾಲು ಹೊಡೆದು ಹಾಕಿದೆ.

೫
"ಏನಕ್ಕ, ಆರೋಯ್ತದಲ್ಲ ಕಾಪಿ" ಎಂದರು ಚಿಕ್ಕಬಸಪ್ಪನವರು.

"ಆರ್ಲಿ ಬುಡಿ ಅಣ್ಣ. ನನ್ ಲೋಟ ಖಾಲಿ ಆಗೋಗಂಟ ಮೀಟಿಂಗ್ ಮುಗ್ಯಾಕಿಲ್ಲ, ಅಲ್ವಾ?"

"ಮಿಲ್ಲಲ್ಲಿ ಜನ ಕಾಯ್ತಾವ್ರೆ ಕಣಕ್ಕ."

"ಕಾರಿಡಾರಲ್ಲೂ ಕಾಯ್ತಾವ್ರೆ."

ಡಾಕ್ಟರ್ ಕನ್ನಡಕ ತೆಗೆದರು. "ಆರ್ಡರ್ ಇಲ್ಲದೆ ಹೊರಗೆ ಹಾಕಿದ್ರೆ ನನ್ನ ಕೆಲಸಕ್ಕೇ ಕುತ್ತು ಬರುತ್ತಮ್ಮ."

"ಒರ್ಗಾಕಿ ಅಂತ ಯಾರಂದ್ರು ಸಾ? ಈ ಮೀಟಿಂಗ್ ರೂಮಲ್ಲಿ ಇಡ್ಸಿ. ನಾವು ಕಾರಿಡಾರಲ್ಲಿ ಕುಂತ್ಕಂಡು ಮೀಟಿಂಗ್ ಮಾಡಣ. ನಿಮ್ಗೆ ನಾಚ್ಕೆ ಆದ್ರೆ ಯೋಳಿ, ನಾನು ಸೀರೆ ತತ್ತೀನಿ ಅಡ್ಡ ಇಡ್ಯಕ್ಕೆ."

ಬಾಗಿಲಲ್ಲಿ ಕರಿಯಯ್ಯ ಕೆಮ್ಮಿದ. ಬರೀ ಕೆಮ್ಮಿದರೆ ಅಷ್ಟು ಹಲ್ಲು ಕಾಣುವುದಿಲ್ಲ.

೬
ಮುಕ್ತಾಯ ಒಂದು: ಡಾಕ್ಟರ್ ಬೀಗದ ಕೈ ಕೊಡುತ್ತಾರೆ, ನಯನ ಆ ರೂಮಿನಲ್ಲೇ ಬಾಣಂತಿಯಾಗುತ್ತಾಳೆ. (ಸಿನಿಮಾ ಆಯ್ತು.)

ಮುಕ್ತಾಯ ಎರಡು: ಚನ್ನಾಜಮ್ಮನನ್ನು ಸಮಿತಿಯಿಂದ ಕೈಬಿಡುತ್ತಾರೆ. (ನಡೆಯುವಂಥದ್ದೇ. ಅದಕ್ಕೇ ಬರೆಯಲು ಕೈ ಏಳಲಿಲ್ಲ.)

ಮೂರನೆಯದಕ್ಕೆ ಪೆನ್ನು ಎತ್ತುವಾಗ ಚನ್ನಾಜಮ್ಮ ನನ್ನ ಕಡೆ ತಿರುಗಿದರು.

"ನೀನೂ ಬೆಲ್ ಒತ್ಬ್ಯಾಡ ಕಣಪ್ಪ."

ಪೆನ್ನು ಕೆಳಗಿಟ್ಟೆ. ಕಾಫಿಯ ಮೇಲೆ ಕೆನೆ ಕಟ್ಟಿದೆ. ಅರ್ಧ ಎದ್ದಿದ್ದ ಚಿಕ್ಕಬಸಪ್ಪನವರು ಮತ್ತೆ ಕೂತಿದ್ದಾರೆ. ಡಾಕ್ಟರ ಕೈ ಡ್ರಾಯರಿನ ಹಿಡಿಯ ಮೇಲಿದೆ. ಬೀಗದ ಕೈ ಅದರೊಳಗಿದೆಯೋ ಇಲ್ಲವೋ, ನನಗೂ ಗೊತ್ತಿಲ್ಲ. ಚನ್ನಾಜಮ್ಮ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಕುರ್ಚಿಯನ್ನು ಮೇಜಿಗೆ ಇನ್ನಷ್ಟು ಹತ್ತಿರ ಎಳೆದುಕೊಂಡರು.

ನಿಮಗೂ ಬೇರೆ ಕೆಲಸ ಇರಬಹುದು. ಆದರೆ ಒಬ್ಬರ ಲೋಟ ಇನ್ನೂ ತುಂಬಿರುವಾಗ ಎದ್ದು ಹೋಗುವುದು ಮರ್ಯಾದೆ ಅಲ್ಲ. ಕೂತಿರಿ.