ಹಲ್ಲಿಲ್ಲದ ಮಾಪಕ

ಒತ್ತಡ ಮಾಪಕ ಕಟ್ಟುವ ಕೆಲಸದಲ್ಲಿ ಎಲ್ಲಕ್ಕಿಂತ ಕೊನೆಯದು ಒಂದು ಚುಕ್ಕೆ. ಮುಳ್ಳು ಕೂರಿಸಿ, ಸೊನ್ನೆಗೆ ತಂದು, ಹಿಂಬದಿಯ ಮುಚ್ಚಳವನ್ನು ನಾಲ್ಕು ಸ್ಕ್ರೂಗಳಿಂದ ಬಿಗಿದ ಮೇಲೆ, ಅವುಗಳಲ್ಲೊಂದರ ತಲೆಯ ಮೇಲೆ ಬಣ್ಣದ ಹನಿ ಇಡಬೇಕು. ಹನಿಯ ಅರ್ಧ ಸ್ಕ್ರೂವಿಗೆ ತಾಗಬೇಕು, ಅರ್ಧ ಮುಚ್ಚಳಕ್ಕೆ. ಆಮೇಲೆ ಯಾರೇ ತೆರೆದರೂ ಹನಿ ಬಿರಿಯುತ್ತದೆ, ಕೈಚಳಕ ಬಯಲಾಗುತ್ತದೆ.

ಚಿಕ್ಕಪ್ಪನ ಕಾರ್ಯಾಗಾರದ ಚುಕ್ಕೆ ಕೆಂಪು. ಬೀದಿಯ ಆಚೆ ಬದಿಯ ಕಾರ್ಯಾಗಾರದ್ದು ಹಸಿರು. ನಡುವೆ ಇದ್ದದ್ದು ಹನ್ನೊಂದು ಮೀಟರು ಡಾಂಬರು ಮತ್ತು ಇಪ್ಪತ್ತು ವರ್ಷಗಳ ಹಾವು-ಮುಂಗುಸಿ ಸಂಬಂಧ.

ಚಿಕ್ಕಪ್ಪನ ಬಳಿ ಏಳು ಜನ. ಅವರಲ್ಲಿ ಮುಳ್ಳು ಕೂರಿಸುವವಳು ಅಣ್ಣನ ಮಗಳು, ಎಲ್ಲರ ಬಾಯಲ್ಲೂ ಮುಳ್ಳಕ್ಕ. ಆ ಹೆಸರು ಕೈಗಿಂತ ನಾಲಿಗೆಗೇ ಹೆಚ್ಚು ಒಪ್ಪುತ್ತದೆಂದು ಚಿಕ್ಕಪ್ಪ ಹೇಳುತ್ತಿದ್ದರು. ಎದುರಿನವರಲ್ಲಿ ಅದೇ ಕೆಲಸ ಮಾಡುತ್ತಿದ್ದವನು ಭೂತಗನ್ನಡಿ. ಬಲಗಣ್ಣಿಗೆ ಸಿಕ್ಕಿಸಿಕೊಂಡ ಮಸೂರವನ್ನು ಊಟಕ್ಕೆ ಕೂತಾಗಲೂ ತೆಗೆಯುತ್ತಿರಲಿಲ್ಲ. ಇಬ್ಬರೂ ಮುಖಾಮುಖಿ ಮಾತಾಡಿದ್ದು ಬೆರಳೆಣಿಕೆಯಷ್ಟು ಸಲ. ಆದರೆ ಒಬ್ಬರ ಕೈಬರಹ ಇನ್ನೊಬ್ಬರಿಗೆ ಬಾಯಿಪಾಠ.

ಎದುರಿನವರ ಹೊಸ ಮಾಪಕ ಮಾರುಕಟ್ಟೆಗೆ ಬಂದ ವಾರವೇ ಚಿಕ್ಕಪ್ಪ ಅದನ್ನು ಬಟ್ಟೆ ಒಗೆಯುವ ಕಾರ್ಖಾನೆಯ ಮಾಲೀಕನ ಹೆಸರಿನಲ್ಲಿ ತರಿಸುತ್ತಿದ್ದರು. ಶನಿವಾರ ಬೆಳಗ್ಗೆ ಏಳೂ ಜನ ಮೇಜಿನ ಸುತ್ತ ನಿಂತು ಅದನ್ನು ತೆರೆಯುತ್ತಿದ್ದರು. ಅದಕ್ಕೆ 'ಹೆಣ ಕೊಯ್ಯುವುದು' ಎಂದು ಹೆಸರು. ಎದುರು ಬದಿಯಲ್ಲೂ ಇದೇ ಪದ್ಧತಿ ಎಂಬುದು ಬೀದಿಗೆಲ್ಲ ಗೊತ್ತಿದ್ದ ಗುಟ್ಟು. ಗಿರಾಕಿ ಮಾಪಕದ ಮುಖ ನೋಡುತ್ತಾನೆ, ಬೆನ್ನು ಬಿಚ್ಚುವವನು ವೈರಿ ಒಬ್ಬನೇ. ಆದ್ದರಿಂದ ಒಂದು ಶನಿವಾರ ಮುಚ್ಚಳದ ಒಳಮೈಯಲ್ಲಿ, ಉಕ್ಕಿನ ಸೂಜಿಯಿಂದ ಗೀಚಿದ ಸಾಲೊಂದು ಮುಳ್ಳಕ್ಕನನ್ನು ಸ್ವಾಗತಿಸಿತು: 'ಬಂದ್ಯಾ? ಕೂತ್ಕೋ. ನೋಡಿ ಕಲ್ತ್ಕೋ.'

ಭೂತಗನ್ನಡಿ ಆ ಸಲ ಡಬ್ಬಿಯೊಳಗೆ ದಪ್ಪ ಎಣ್ಣೆ ತುಂಬಿ ಮುಳ್ಳಿನ ನಡುಕ ತಗ್ಗಿಸಿದ್ದ. ಮುಳ್ಳಕ್ಕ ಮೂರು ದಿನ ಅನ್ನ ಸೇರದೆ ಓಡಾಡಿ, ಐದನೆಯ ವಾರಕ್ಕೆ ಎಣ್ಣೆ ಸೋರದಂತೆ ತಡೆಯುವ ರಬ್ಬರು ಬಳೆಯೊಂದನ್ನು ಕಂಡುಹಿಡಿದು, ತನ್ನ ಮುಚ್ಚಳದೊಳಗೆ ಗೀಚಿದಳು: 'ನಿಮ್ಮದು ಸೋರುತ್ತೆ. ಒರೆಸೋಕೆ ಬಟ್ಟೆ ಕಳಿಸ್ಲಾ?' ಅಲ್ಲಿಂದ ಹದಿನಾಲ್ಕು ವರ್ಷ ಹೀಗೆಯೇ ನಡೆಯಿತು. ಮಾಪಕಗಳು ಚಿಕ್ಕವಾದವು, ನಿಖರವಾದವು, ಅಗ್ಗವಾದವು. ಇಬ್ಬರಿಗೂ ತಲೆ ನರೆಯಿತು.

ಒಂದು ದೋಷಕ್ಕೆ ಮಾತ್ರ ಎರಡು ಬದಿಯವರೂ ಮದ್ದು ಕಾಣಲಿಲ್ಲ. ಮಾಪಕದ ಒಳಗೆ ಬಾಗಿದ ತೆಳು ಕೊಳವೆ ಇರುತ್ತದೆ. ಹಬೆಯ ಒತ್ತಡ ಏರಿದಂತೆ ಅದು ಕೂದಲೆಳೆಯಷ್ಟು ಬಿಚ್ಚಿಕೊಳ್ಳುತ್ತದೆ. ಆ ಅಲ್ಪ ಚಲನೆಯನ್ನು ಹಿಗ್ಗಿಸಿ ಮುಳ್ಳಿಗೆ ಮುಟ್ಟಿಸಲು ಹಲ್ಲಿನ ಚಕ್ರಗಳು ಬೇಕು. ಅದುರುವ ಯಂತ್ರದ ಮೇಲೆ ಹಲ್ಲು ಒಂದೇ ವರ್ಷದಲ್ಲಿ ಸವೆಯುತ್ತದೆ. ಆಮೇಲೆ ಮುಳ್ಳು ಕುಡುಕನಂತೆ ತೂರಾಡುತ್ತದೆ, ಮಾಪಕ ಕಸಕ್ಕೆ ಹೋಗುತ್ತದೆ.

ಹಲ್ಲೇ ಇಲ್ಲದಿದ್ದರೆ? ಕೊಳವೆಯನ್ನು ಸ್ಪ್ರಿಂಗಿನಂತೆ ಹಲವು ಸುತ್ತು ಸುರುಳಿ ಸುತ್ತಿದರೆ ಅದರ ತುದಿಯೇ ಸಾಕಷ್ಟು ತಿರುಗುತ್ತದೆ, ಮುಳ್ಳನ್ನು ನೇರವಾಗಿ ಅದಕ್ಕೇ ಕೂರಿಸಬಹುದು. ಈ ಯೋಚನೆ ಮುಳ್ಳಕ್ಕನಿಗೆ ಹೊಳೆದಾಗ ಚಿಕ್ಕಪ್ಪ ಮೊದಲು ನಕ್ಕರು, ಆಮೇಲೆ ಕುರ್ಚಿ ಎಳೆದುಕೊಂಡು ಕೂತರು. ಆದರೆ ಸುತ್ತಿದ ಸುರುಳಿಯನ್ನು ಕುಲುಮೆಯಲ್ಲಿ ಸಮನಾಗಿ ಕಾಯಿಸಿ ಹದ ಮಾಡಬೇಕು. ಅವರ ಕುಲುಮೆ ಬೇಕರಿಯವನೊಬ್ಬ ಬಿಸಾಡಿದ್ದು. ಒಂದು ಮೂಲೆಗೂ ಇನ್ನೊಂದು ಮೂಲೆಗೂ ಮೂವತ್ತು ಡಿಗ್ರಿ ವ್ಯತ್ಯಾಸ. ನಲವತ್ತು ಸುರುಳಿ ಸುತ್ತಿದರೆ ಕೈಗೆ ಬಂದದ್ದು ಮೂರು.

"ಹಲ್ಲಿದ್ದವನಿಗೆ ಕಡಲೆ ಇಲ್ಲ ಅಂತಾರೆ," ಎಂದರು ಚಿಕ್ಕಪ್ಪ. "ನೀನು ಹಲ್ಲೂ ಕಿತ್ತುಬಿಟ್ಟೆ, ಕಡಲೆಯಂತೂ ಮೊದಲೇ ಇಲ್ಲ."

ಅದೇ ವರ್ಷ ದೊಡ್ಡ ಕಂಪನಿಯವರು ಬಂದರು. ನಯವಾದ ಮಾತಿನ ಇಬ್ಬರು. ಕಾರ್ಯಾಗಾರ, ಹೆಸರು, ಕೆಲಸಗಾರರು ಎಲ್ಲವನ್ನೂ ಕೊಳ್ಳುತ್ತೇವೆಂದರು. ಚಿಕ್ಕಪ್ಪ ವಾರಗಟ್ಟಲೆ ಮೀನಮೇಷ ಎಣಿಸಿದರು.

"ಅವ್ರ ಹತ್ರ ಕುಲುಮೆ ಇದೆ ಚಿಕ್ಕಪ್ಪ," ಎಂದಳು ಮುಳ್ಳಕ್ಕ. "ಮೂಲೆಯಿಂದ ಮೂಲೆಗೆ ಎರಡು ಡಿಗ್ರಿ. ನಾನೇ ಹೋಗಿ ನೋಡ್ಕೊಂಡು ಬಂದೆ."

"ಒಂದು ಕುಲುಮೆ ನೋಡ್ಕೊಂಡು ಮನೆ ಮಾರು ಅಂತೀಯಲ್ಲೇ."

"ಇಲ್ಲಿದ್ರೆ ನನ್ನ ಸುರುಳಿ ನನ್ನ ಜೊತೆಗೇ ಮಣ್ಣಾಗುತ್ತೆ. ಅಲ್ಲಿ ತಿಂಗಳಿಗೆ ಸಾವಿರ ಮಾಡ್ಬಹುದು."

"ಎದುರಿನವರು?"

"ಅವರೂ ಮಾರ್ತಿದಾರಂತೆ."

ಚಿಕ್ಕಪ್ಪ ಕಿಟಕಿಯಾಚೆ ನೋಡಿದರು. "ಹಾಗಾದ್ರೆ ಇನ್ಮೇಲೆ ಜಗಳ ಆಡೋದು ಯಾರ ಜೊತೆ?"

ಅವಳು ನಕ್ಕುಬಿಟ್ಟಳು. ಚಿಕ್ಕಪ್ಪ ನಗಲಿಲ್ಲ. ಸಹಿ ಹಾಕಿದರು.

ದೊಡ್ಡ ಕಂಪನಿ ಕೊಟ್ಟ ಮಾತಿಗೆ ತಪ್ಪಲಿಲ್ಲ. ಕುಲುಮೆ ಇತ್ತು; ಅದರ ಬಾಗಿಲಿಗೆ ಕೈಯಿಟ್ಟರೆ ಬೆಣ್ಣೆಯಂತೆ ಸರಿಯುತ್ತಿತ್ತು. ಮೊದಲ ಸಲ ನಲವತ್ತರಲ್ಲಿ ಮೂವತ್ತೆಂಟು ಸುರುಳಿ ಸರಿಬಂದಾಗ ಅವಳು ಕೈಕವಚ ಕಳಚಿ ಮುಖ ಮುಚ್ಚಿಕೊಂಡು ಸ್ವಲ್ಪ ಹೊತ್ತು ನಿಂತಳು. ಮಾಪಕವೊಂದನ್ನು ಅದುರಿಸುವ ಯಂತ್ರಕ್ಕೆ ಕಟ್ಟಿ ನಾಲ್ಕು ತಿಂಗಳು ಬಿಟ್ಟಳು. ಸೊನ್ನೆಯಿಂದ ತುದಿಗೆ, ತುದಿಯಿಂದ ಸೊನ್ನೆಗೆ, ಮುಳ್ಳು ಅರವತ್ತು ಲಕ್ಷ ಸಲ ಹೋಗಿ ಬಂತು. ಕೊನೆಯಲ್ಲಿ ಎಲ್ಲಿ ನಿಲ್ಲಬೇಕಿತ್ತೋ ಅಲ್ಲೇ ನಿಂತಿತು.

ಕಂಪನಿಯ ಹೊಸ ವಸ್ತುಗಳ ಸಮಿತಿಗೆ ಒಪ್ಪಿಸಬೇಕಾದದ್ದು ಒಂದು ಮಾದರಿ, ಒಂದು ಅರ್ಜಿ. ಅರ್ಜಿಯಲ್ಲಿ ಹನ್ನೊಂದು ಅಂಕಣ. ಎಷ್ಟು ಕಾಲ ಬಾಳುತ್ತದೆ ಎಂದು ಯಾವ ಅಂಕಣವೂ ಕೇಳಿರಲಿಲ್ಲ. ಒಂಬತ್ತನೆಯದು ಕೇಳಿತ್ತು: 'ಬದಲಿ ಮಾರಾಟದ ಮೇಲಿನ ಪರಿಣಾಮ.' ಅವಳು ಎದೆಯುಬ್ಬಿಸಿ ಬರೆದಳು: 'ಹತ್ತು ವರ್ಷ ಬದಲಿಯೇ ಬೇಕಾಗದು.' ನಿಜವಾದ ಸಾಕ್ಷಿಯನ್ನು ಮಾತ್ರ ಕಾಗದಕ್ಕೆ ಒಪ್ಪಿಸಲು ಮನಸ್ಸಾಗಲಿಲ್ಲ. ಹೊಸ ಮಾಪಕ ಕೈಗೆ ಸಿಕ್ಕವರು ಮೊದಲು ಮಾಡುವ ಕೆಲಸ ಅದರ ಬೆನ್ನು ಬಿಚ್ಚುವುದು. ಇಪ್ಪತ್ತು ವರ್ಷದಲ್ಲಿ ಬೇರೆ ಬಗೆಯ ಮನುಷ್ಯರನ್ನು ಅವಳು ಕಂಡಿರಲಿಲ್ಲ. ತೆರೆದವರಿಗೆ ಮೂರು ದಿನ ಅನ್ನ ಸೇರಬಾರದು. ಸೂಜಿ ಹಿಡಿದು ಮುಚ್ಚಳದ ಒಳಮೈಯಲ್ಲಿ ಪರೀಕ್ಷೆಯ ಅಂಕಿಗಳನ್ನು ಕೊರೆದಳು. ಕೆಳಗೆ, ಕೈ ತಡೆಯಲಾರದೆ, ಒಂದು ಸಾಲು ಸೇರಿಸಿದಳು. ಹಳೆಯ ಸೀಸೆಯಿಂದ ಕೆಂಪು ಚುಕ್ಕೆ ಇಟ್ಟಳು.

ಸಮಿತಿ ಉತ್ತರಿಸಲು ಏಳು ತಿಂಗಳು ತೆಗೆದುಕೊಂಡಿತು. ವಿಭಾಗದ ಮುಖ್ಯಸ್ಥರು ಅವಳನ್ನು ಕರೆಸಿ, ತಾವೇ ಎದ್ದು ಕುರ್ಚಿ ತೋರಿಸಿದರು. ಒಳ್ಳೆಯ ಮನುಷ್ಯ.

"ಅದ್ಭುತವಾದ ಕೆಲಸ ಅಮ್ಮ. ಎಲ್ಲರೂ ಮೆಚ್ಚಿದರು."

"ಹಾಗಿದ್ರೆ ಯಾವಾಗ ಶುರು ಮಾಡೋದು ಸರ್?"

"ಶುರು ಅಂತ..." ಅವರು ಒಂಬತ್ತನೆಯ ಅಂಕಣದ ಮೇಲೆ ಬೆರಳಿಟ್ಟರು. "ನಾವು ಮಾರೋ ಮಾಪಕಗಳಲ್ಲಿ ಮುಕ್ಕಾಲು ಪಾಲು ಹಳೇದರ ಬದಲಿಗೆ ಹೋಗೋವು. ಇದನ್ನ ಮಾರಿದ್ರೆ ಆ ಗಿರಾಕಿ ಮತ್ತೆ ಹತ್ತು ವರ್ಷ ಈ ಕಡೆ ತಲೆ ಹಾಕಲ್ಲ. ನಾವು ಕೂತ ಕೊಂಬೇನ ನಾವೇ ಕಡಿದ ಹಾಗೆ."

"ನಾವು ಮಾಡ್ದೇ ಇದ್ರೆ ಬೇರೆಯವರು ಮಾಡ್ತಾರಲ್ಲ ಸರ್."

"ಬೇರೆಯವರು ಯಾರು?" ಅವರು ನಿಜವಾಗಿಯೂ ಕುತೂಹಲದಿಂದ ಕೇಳಿದರು.

ಮುಳ್ಳಕ್ಕನ ಕಣ್ಣು ಕಿಟಕಿಯಾಚೆ ಹೋಯಿತು. ಇಪ್ಪತ್ತು ವರ್ಷ ಆ ಪ್ರಶ್ನೆಗೆ ಉತ್ತರ ಹನ್ನೊಂದು ಮೀಟರು ದೂರದಲ್ಲಿತ್ತು. ಈಗ ಆ ಉತ್ತರ, ಅದೇ ಭೂತಗನ್ನಡಿ, ಇದೇ ಕಟ್ಟಡದ ಎರಡನೆಯ ಮಹಡಿಯಲ್ಲಿ, ಮಾಪಕದ ಮುಖದ ಅಂಕಿಗಳಿಗೆ ಯಾವ ಬಣ್ಣ ಒಪ್ಪುತ್ತದೆಂದು ನೋಡುತ್ತ ಕೂತಿತ್ತು.

"ಬೇಜಾರು ಮಾಡ್ಕೋಬೇಡಿ. ನಿಮ್ಮ ಅರ್ಜಿಯಲ್ಲಿದ್ದ ನಕ್ಷೆ ಕೊಟ್ಟು ಪೇಟೆಂಟ್ ತಗೊಂಡಿದೀವಿ, ನಿಮ್ಮ ಹೆಸರೂ ಅದರಲ್ಲಿದೆ."

"ಮಾಡೋದೇ ಇಲ್ಲ ಅಂದ್ಮೇಲೆ ಪೇಟೆಂಟ್ ಯಾಕೆ ಸರ್?"

"ಬೇರೆ ಯಾರೂ ಮಾಡಬಾರದಲ್ಲ, ಅದಕ್ಕೆ."

ಮಾದರಿಯನ್ನಾದರೂ ಹಿಂದಕ್ಕೆ ಕೊಡಿ ಎಂದು ಕೇಳಿದಳು. ಅದಕ್ಕೂ ಒಂದು ಅರ್ಜಿ ಇತ್ತು. ಕೊನೆಗೆ ದಾಸ್ತಾನು ನೋಡುವ ಹೆಂಗಸು ನೆಲಮಾಳಿಗೆಯ ಬಾಗಿಲು ತೆರೆದು, "ಹುಡುಕ್ಕೊಳ್ಳಿ ಅಕ್ಕ, ಇಲ್ಲಿಗೆ ಬಂದದ್ದು ಯಾವುದೂ ಎದ್ದು ಹೋಗಲ್ಲ," ಎಂದಳು.

ಬೂದು ಬಣ್ಣದ ಕಪಾಟುಗಳು ಗೋಡೆಯಿಂದ ಗೋಡೆಗೆ ನಿಂತಿದ್ದವು. ಪ್ರತಿ ಮಾದರಿಗೂ ಚೀಟಿ, ಸಂಖ್ಯೆ, ದಿನಾಂಕ. ಧೂಳು ಸಹ ಅಚ್ಚುಕಟ್ಟಾಗಿ ಕೂತಿತ್ತು. ಮೂರನೆಯ ಕಪಾಟಿನಲ್ಲಿ ತನ್ನದು ಸಿಕ್ಕಿತು. ಎತ್ತಿ, ಬೆನ್ನು ತಿರುಗಿಸಿ, ಬೆಳಕಿಗೆ ಹಿಡಿದಳು.

ಕೆಂಪು ಚುಕ್ಕೆ ಇಟ್ಟ ದಿನ ಹೇಗಿತ್ತೋ ಹಾಗೇ ಇತ್ತು. ಕೂದಲಷ್ಟು ಬಿರುಕೂ ಇಲ್ಲ. ಕೈಯಲ್ಲಿ ಹಿಡಿದು ಮೆಚ್ಚಿದವರಲ್ಲಿ ಒಬ್ಬರಿಗೂ ಒಳಗೇನಿದೆ ಎಂದು ನೋಡಬೇಕೆನಿಸಿರಲಿಲ್ಲ. 'ಬೇಡ' ಎಂಬ ಮಾತು ಅವಳನ್ನು ಇಷ್ಟು ಇರಿದಿರಲಿಲ್ಲ. ವೈರಿ ತೆರೆದು ನೋಡಿ ಹಲ್ಲು ಕಡಿಯುತ್ತಿದ್ದ. ಅದೂ ಒಂದು ಮರ್ಯಾದೆ.

ಪಕ್ಕದಲ್ಲೇ ಇನ್ನೊಂದು ಡಬ್ಬಿ ಇತ್ತು. ಚೀಟಿಯ ದಿನಾಂಕ ಅವಳದ್ದಕ್ಕಿಂತ ಒಂದು ವರ್ಷ ಹಿಂದಿನದು. ಬೆನ್ನ ಮೇಲೆ ಹಸಿರು ಚುಕ್ಕೆ, ಅದೂ ಇಡಿಯಾಗಿ. ಅವಳ ಕೈ ತನ್ನಷ್ಟಕ್ಕೆ ಜೇಬಿನ ಸ್ಕ್ರೂ ತಿರುಪುಳಿ ಹುಡುಕಿತು. ಚುಕ್ಕೆ ಚಟ್ಟೆಂದು ಬಿರಿಯಿತು. ಒಳಗೆ ಹಲ್ಲುಗಳಿದ್ದವು, ಆದರೆ ಲೋಹದವಲ್ಲ. ಎಣ್ಣೆಯೇ ಬೇಡದ, ಮೇಣದಂತೆ ಜಾರುವ ಯಾವುದೋ ಹೊಸ ವಸ್ತುವಿನವು. ಅವಳಿಗೆ ಎಂದೂ ಹೊಳೆಯದ ದಾರಿ. ಹಳೆಯ ದಿನಗಳಾಗಿದ್ದರೆ ಅಂದು ರಾತ್ರಿ ಅನ್ನ ಸೇರುತ್ತಿರಲಿಲ್ಲ. ಮುಚ್ಚಳವನ್ನು ಓರೆಯಾಗಿ ಹಿಡಿದು ಒಳಮೈಯನ್ನು ಓದಲು ನೋಡಿದಳು. ಬೆರಳಿನಿಂದ ಸವರಿ ನೋಡಿದಳು.

ಏನೂ ಬರೆದಿರಲಿಲ್ಲ.

ಊಟದ ಹೊತ್ತಿಗೆ ಎರಡೂ ಡಬ್ಬಿಗಳನ್ನು ಕ್ಯಾಂಟೀನಿನ ಮೇಜಿನ ಮೇಲೆ, ಭೂತಗನ್ನಡಿಯ ತಟ್ಟೆಯ ಪಕ್ಕದಲ್ಲಿಟ್ಟಳು. ಅವನ ಬಲಗಣ್ಣು ಖಾಲಿ ಇತ್ತು; ಮಸೂರವಿಲ್ಲದ ಅವನ ಮುಖ ಯಾರೋ ನೆಂಟರ ಮುಖದಂತೆ ಕಾಣುತ್ತಿತ್ತು. ಹಸಿರು ಚುಕ್ಕೆ ಬಿರಿದದ್ದನ್ನು ಅವನು ಮೊದಲು ಗಮನಿಸಿದ.

"ತೆರೆದ್ಯಾ?"

"ತೆರೆದೆ. ನಿಮ್ಮ ಹೆಣ, ಕೊಯ್ಯೋ ಹಕ್ಕು ನಂದೇ ತಾನೇ?"

"ಹೇಗಿದೆ?"

"ಹೊಟ್ಟೆ ಉರೀತು." ಅವಳು ಅವನೆದುರು ಕೂತಳು. "ಒಳಗೆ ಯಾಕೆ ಏನೂ ಗೀಚ್ಲಿಲ್ಲ? ಸೂಜಿ ಮೊಂಡಾಗಿತ್ತಾ?"

"ಯಾರಿಗೆ ಬರೀಲಿ ಮುಳ್ಳಕ್ಕ? ನೀನೂ ಇಲ್ಲೇ ಸೇರ್ಕೊಂಡೆಯಲ್ಲ."

ಅವನು ಅಂಗಿಯ ಒಳಜೇಬಿನಿಂದ ಮಸೂರ ತೆಗೆದು, ಒರೆಸಿ, ಕಣ್ಣಿಗೆ ಸಿಕ್ಕಿಸಿಕೊಂಡ. ಅವಳ ಮಾಪಕವನ್ನು ಎಳೆದುಕೊಂಡು ಕೆಂಪು ಚುಕ್ಕೆಯ ಮೇಲೆ ಒಂದು ಗಳಿಗೆ ಹೆಬ್ಬೆರಳಿಟ್ಟ, ಆಮೇಲೆ ಅವಳ ತಿರುಪುಳಿಯಿಂದ ಸ್ಕ್ರೂ ತಿರುವಿದ. ಸುರುಳಿಯನ್ನು ನೋಡಿದ. ತಟ್ಟೆ ಪಕ್ಕಕ್ಕೆ ಸರಿಸಿದ. ಕೊನೆಗೆ ಮುಚ್ಚಳವನ್ನು ಬೆಳಕಿಗೆ ತಿರುಗಿಸಿ, ಅಂಕಿಗಳನ್ನು ದಾಟಿ, ಕೆಳಗಿನ ಸಾಲನ್ನು ತುಟಿಯಲ್ಲೇ ಓದಿದ:

'ಇನ್ಮೇಲೆ ನಿಮಗೆ ನಿದ್ದೆ ಬರುತ್ತಾ?'

"ಬೀದಿಯಲ್ಲಿದ್ದಾಗ ಇದನ್ನ ನೋಡಿದ್ರೆ," ಎಂದ ಭೂತಗನ್ನಡಿ, "ಒಂದು ತಿಂಗಳು ಬರ್ತಿರ್ಲಿಲ್ಲ. ಆಮೇಲೆ ಇದರಪ್ಪನಂಥದ್ದನ್ನ ಮಾಡಿ ನಿನ್ನ ಮುಖಕ್ಕೆ ಹಿಡೀತಿದ್ದೆ."

"ಈಗ?"

ಅವನು ಮಸೂರ ತೆಗೆದು ಜೇಬಿಗೆ ಹಾಕಿದ. "ಈಗ ಚೆನ್ನಾಗೇ ಬರುತ್ತೆ."

ಅಡುಗೆಯ ಬದಿಯಿಂದ ಟಕಟಕ ಸದ್ದು ಕೇಳಿತು. ಗೋಡೆಯ ಹಬೆ ಕೊಳವೆಯ ಮೇಲೆ ದೊಡ್ಡ ಕಂಪನಿಯದೇ ಮಾಪಕವಿತ್ತು. ಅದರ ಮುಳ್ಳು ಎರಡರಿಂದ ಐದರವರೆಗೆ ಜೀಕುತ್ತಿತ್ತು. ಅಡುಗೆಯಾಕೆ ಸೌಟಿನ ಹಿಡಿಯಿಂದ ಅದರ ಗಾಜಿಗೆ ಕುಟ್ಟುತ್ತ, ಮುಳ್ಳು ಒಂದು ಕ್ಷಣ ನಿಂತಾಗ ಓದಲು ಕತ್ತು ಚಾಚುತ್ತಿದ್ದಳು.

"ಏನಮ್ಮ, ಕೆಟ್ಟಿದೆಯಾ?" ಎಂದು ಮುಳ್ಳಕ್ಕ ಕೂಗಿ ಕೇಳಿದಳು.

"ಕೆಡೋದೇನು, ವರ್ಷ ಆಯ್ತಲ್ಲ," ಎಂದಳಾಕೆ. "ನಾಳೆ ಹೊಸದು ಹಾಕ್ತಾರೆ. ಇಂಥದ್ದೇ."